ಕೆಂಪು ಟೇಪಿನ ಚಿಮುಟ

"ಹನ್ನೊಂದು ತೆಗೆದಿದ್ದೆ, ಹನ್ನೊಂದೂ ಪೆಟ್ಟಿಗೆಗೆ ವಾಪಸ್ ಬಂತು. ಲೆಕ್ಕ ಸರಿ. ಮುಚ್ಲಾ ಅಜ್ಜಿ?"

ರೋಬೋದ ಮುಚ್ಚಳ ಹಿಡಿದು ಮೊಮ್ಮಗಳು ತುದಿಗಾಲಲ್ಲಿ ನಿಂತಿದ್ದಳು. ಫೈನಲ್‌ಗೆ ಇನ್ನು ಮೂರೇ ನಿಮಿಷ. ಸಭಾಂಗಣದ ನಡುವೆ ಬಿಳಿ ಹಲಗೆಯ ಕಣ, ಅದರ ಮೇಲೆ ಅಂಕುಡೊಂಕಾದ ಕಪ್ಪು ಗೆರೆ. ಗೆರೆ ತಪ್ಪದೆ ಮೊದಲು ಗುರಿ ಮುಟ್ಟಿದ ರೋಬೋಗೆ ಕಪ್. ಅವಳ ರೋಬೋ ಬೆಳಗಿನಿಂದ ಒಂದು ಸಲವೂ ಗೆರೆ ತಪ್ಪಿರಲಿಲ್ಲ. ಕಪ್ ಇಡಲು ಟಿವಿಯ ಪಕ್ಕ ಜಾಗ ಖಾಲಿ ಮಾಡಿಯೇ ಮನೆಯಿಂದ ಹೊರಟು ಬಂದಿದ್ದಳು ಪುಣ್ಯಾತ್ಗಿತ್ತಿ.

ಅಜ್ಜಿ ಮೂವತ್ತೊಂದು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವರು. ಕತ್ತರಿ, ಇಕ್ಕಳಗಳ ಲೆಕ್ಕ ಸಿಗುವವರೆಗೆ ರೋಗಿಯ ಹೊಟ್ಟೆ ಹೊಲಿಯಲು ಎಂಥೆಂಥ ಡಾಕ್ಟರುಗಳಿಗೂ ಬಿಟ್ಟವರಲ್ಲ. ಮೊಮ್ಮಗಳು ರೋಬೋ ಹುಚ್ಚು ಹತ್ತಿಸಿಕೊಂಡು, 'ಇವಿಲ್ದೆ ಆಗೋದೇ ಇಲ್ಲ' ಎಂದು ಹನ್ನೊಂದು ಉಪಕರಣಗಳ ಪಟ್ಟಿ ಹಿಡಿದು ಬಂದಾಗ, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್‌ನಿಂದ ಹಿಡಿದು ಚಿಮುಟದವರೆಗೆ ಎಲ್ಲವನ್ನೂ ಕೊಡಿಸಿದವರು ಅವರೇ. ಆದರೆ ಪ್ರತಿಯೊಂದಕ್ಕೂ ತಮ್ಮ ಕೈಯಾರೆ ಕೆಂಪು ಟೇಪ್ ಸುತ್ತಿ, ಒಂದು ಷರತ್ತು ಹಾಕಿದ್ದರು: ತಾವು ನೋಡದೆ ರೋಬೋದ ಹೊಟ್ಟೆ ಮುಚ್ಚಬಾರದು. ಇದನ್ನು ಕಂಡು ಸ್ಪರ್ಧೆಯ ಉಳಿದ ಮಕ್ಕಳು ಮುಸಿಮುಸಿ ನಕ್ಕಿದ್ದರು. ಅಜ್ಜಿ ಕ್ಯಾರೇ ಅಂದಿರಲಿಲ್ಲ.

ಈಗಲೂ ಅವಸರ ಮಾಡದೆ ಕನ್ನಡಕ ಏರಿಸಿಕೊಂಡು ಪೆಟ್ಟಿಗೆಯ ಮೇಲೆ ಬೆರಳಾಡಿಸಿದರು. ಬೆರಳು ಚಿಮುಟದ ಹತ್ತಿರ ನಿಂತಿತು.

"ಇದು ನಮ್ಮದಲ್ಲ."

"ಅಯ್ಯೋ ಅಜ್ಜಿ! ಅದೇ ಸೈಜು, ಅದೇ ಮೂತಿ. ಟೇಪ್ ಉದುರಿರ್ಬೇಕು ಅಷ್ಟೇ."

"ನಾನು ಸುತ್ತಿದ ಟೇಪ್ ಉದುರತ್ತಾ? ಲೆಕ್ಕ ಸರಿಯಿದೆ ಅಂತ ಸುಮ್ನಾಗ್ಬೇಡ. ಯಾರ ಕೈಗೆ ಕೊಟ್ಟಿದ್ದೆ, ಹೇಳು."

ಮೊಮ್ಮಗಳಿಗೆ ತಟ್ಟನೆ ನೆನಪಾಯಿತು. ಪಕ್ಕದ ಮೇಜಿನ ಎತ್ತರದ ಹುಡುಗಿ, ಎಲ್ಲರ ಬಾಯಲ್ಲಿ ಲಂಬು, ಫೈನಲ್‌ನಲ್ಲಿ ಎದುರಾಳಿ. ಅರ್ಧ ಗಂಟೆಯ ಹಿಂದೆ, "ನನ್ ಚಿಮುಟ ಎಲ್ಲೋ ಕಾಣಿಸ್ತಿಲ್ಲ ಕಣೇ, ಒಂದ್ನಿಮಿಷ ಕೊಡು" ಎಂದು ಒಯ್ದವಳು ತನ್ನ ರೋಬೋದೊಳಗಿನ ವೈರು ಸರಿಮಾಡಿ, ಆಮೇಲೆ ತಂದಿಟ್ಟು ಹೋಗಿದ್ದಳು. ಕಾಣದಿದ್ದ ತನ್ನದೇ ಚಿಮುಟ ಕೈಗೆ ಸಿಕ್ಕಿ, ಅದನ್ನೇ ಎರವಲು ತಂದದ್ದೆಂದು ತಂದಿಟ್ಟಿರಬೇಕು. ಹಾಗಾದರೆ ನಮ್ಮದು ಎಲ್ಲಿ? ಮೊಮ್ಮಗಳು ಪಕ್ಕದ ಮೇಜು ನೋಡಿದಳು, ಅದರ ಕೆಳಗೆ ಬಗ್ಗಿ ನೋಡಿದಳು. ಎಲ್ಲೂ ಇಲ್ಲ. ಉಳಿದದ್ದು ಒಂದೇ ಜಾಗ. ಲಂಬು ಆಗಲೇ ತನ್ನ ರೋಬೋವನ್ನು ಕಣದಲ್ಲಿಟ್ಟು, ಸ್ವಿಚ್ಚಿನತ್ತ ಬೆರಳು ಚಾಚುತ್ತಿದ್ದಳು.

"ಆನ್ ಮಾಡ್ಬೇಡ! ನಮ್ ಚಿಮುಟ ನಿನ್ ರೋಬೋ ಒಳಗಿದೆ!"

ಲಂಬು ನಕ್ಕಳು. "ಹೆದರಿಸೋಕೆ ಬೇರೇನೂ ಸಿಗ್ಲಿಲ್ವಾ? ಹೋಗೇ."

ಎದುರಾಳಿಯ ರೋಬೋ ಮುಟ್ಟಿದವರು ಆಟದಿಂದ ಹೊರಗೆ. ಬೆಳಿಗ್ಗೆ ಮೈಕಿನಲ್ಲಿ ಈ ನಿಯಮವನ್ನು ಮೂರು ಸಲ ಓದಿದ್ದರು. ಮೊಮ್ಮಗಳಿಗೆ ಅದು ಬಾಯಿಪಾಠವಾಗಿತ್ತು. ಅವಳು ಒಮ್ಮೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ಟೇಪಿಲ್ಲದ ಚಿಮುಟವನ್ನು ಪೆಟ್ಟಿಗೆಯಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು. ಮೊಮ್ಮಗಳು ಕಣಕ್ಕೆ ನುಗ್ಗಿದವಳೇ ಒಂದು ಕೈಯಲ್ಲಿ ಲಂಬುವಿನ ರೋಬೋವನ್ನು ಅಲುಗದಂತೆ ಹಿಡಿದು, ಇನ್ನೊಂದನ್ನು ಸ್ವಿಚ್ಚಿಗೆ ಅಡ್ಡ ಇಟ್ಟಳು.

ಸೀಟಿ ಮೊಳಗಿತು. ತೀರ್ಪುಗಾರರು ದಡದಡನೆ ಬಂದು ಹಾಳೆಯಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೆದರು. "ಔಟ್! ಕೈ ತೆಗಿ."

"ಔಟ್ ಮಾಡಿ ಸರ್, ಪರವಾಗಿಲ್ಲ. ಮೊದ್ಲು ಇದನ್ನ ಬಿಚ್ಚಿಸಿ. ಅಲ್ಲೀವರೆಗೂ ಕೈ ತೆಗೆಯಲ್ಲ."

ಲಂಬು ಗೊಣಗಿಕೊಂಡೇ ಸ್ಕ್ರೂ ಬಿಚ್ಚತೊಡಗಿದಳು. ಒಟ್ಟು ನಾಲ್ಕು. ಮೂರನೆಯದು ಬಿಚ್ಚುವಾಗ ಮೊಮ್ಮಗಳಿಗೆ ಅನುಮಾನ ಹುಟ್ಟಿತು. ಒಳಗೆ ಇಲ್ಲದೇ ಹೋದರೆ? ಕಪ್ಪೂ ಹೋಗಿ ಮಾನವೂ ಹೋಗುತ್ತದೆ. ಆದರೂ ಹಿಡಿದ ಕೈ ಸಡಿಲಾಗಲಿಲ್ಲ.

ಮುಚ್ಚಳ ಎದ್ದಿತು. ಬ್ಯಾಟರಿಯ ಎರಡು ತುದಿಗಳಿಗಿಂತ ಒಂದು ಬೆರಳು ಮೇಲೆ, ವೈರುಗಳ ನಡುವೆ ಸಿಕ್ಕಿಕೊಂಡು, ಕೆಂಪು ಟೇಪಿನ ಚಿಮುಟ ನೇತಾಡುತ್ತಿತ್ತು. ಗಾಲಿಗಳು ಒಮ್ಮೆ ಜಗ್ಗಿದ್ದರೆ ಸಾಕಿತ್ತು, ಅದು ಜಾರಿ ಎರಡೂ ತುದಿಗಳಿಗೆ ಅಡ್ಡ ಬಿದ್ದು ಬೆಂಕಿ ಹತ್ತುತ್ತಿತ್ತು. ಲಂಬು ಸ್ವಿಚ್ಚಿಗೆ ಚಾಚಿದ್ದ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ಅಜ್ಜಿ ನಿಧಾನವಾಗಿ ಬಂದು ಚಿಮುಟ ಎತ್ತಿಕೊಂಡರು. ಇನ್ನೊಂದನ್ನು ಲಂಬುವಿನ ಕೈಗಿಟ್ಟು, "ತಗೋಮ್ಮ, ಇದು ನಿಂದು. ನೀನು ಬೇರೆ ಬಣ್ಣ ಸುತ್ಕೋ" ಎಂದರು. ತಮ್ಮದನ್ನು ಪೆಟ್ಟಿಗೆಗೆ ಹಾಕಿ ಮತ್ತೆ ಒಂದರಿಂದ ಎಣಿಸಿದರು. ಮೊಮ್ಮಗಳ ಕಡೆ ತಿರುಗಿ ತಲೆಯಾಡಿಸಿದರು.

ತೀರ್ಪುಗಾರರು ತಾವೇ ಎಳೆದ ಗೀಟನ್ನು ನೋಡುತ್ತ ನಿಂತಿದ್ದರು. ನಿಯಮ ನಿಯಮವೇ, ಅಳಿಸುವ ಹಾಗಿರಲಿಲ್ಲ. "ಸುಮ್ನಿದ್ದಿದ್ರೆ ಅವಳ ರೋಬೋ ಸುಟ್ಟು, ಕಪ್ ನಿನ್ ಕೈಗೇ ಬರ್ತಿತ್ತಲ್ಲಮ್ಮ" ಎಂದರು ಮೆಲ್ಲಗೆ.

ಮೊಮ್ಮಗಳಿಗೆ ಟಿವಿಯ ಪಕ್ಕದ ಖಾಲಿ ಜಾಗ ನೆನಪಾಯಿತು. ಆದರೆ ಅವಳು ಆಗಲೇ ತನ್ನ ರೋಬೋಗೆ ಮುಚ್ಚಳ ಹಾಕಿ ಸ್ಕ್ರೂ ತಿರುಗಿಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಹೊಟ್ಟೆ ಅವಳದ್ದು ಸರ್. ಚಿಮುಟ ನಮ್ಮದಲ್ವಾ?"