ಎಂಟು ಚುವೆನ್ನಿನ ಪ್ರವಚನ

ಊರಿಗೆ ಮಾಯನ್ ಪಂಚಾಂಗ ಬಂದ ಮೇಲೆ, ಎಂಟು ಚುವೆನ್ ಎಂಬ ಕೋತಿಯ ದಿನ ಶುರು ಮಾಡಿದ್ದು ಯಾವುದೂ ನಿಲ್ಲುವುದಿಲ್ಲ. ಹಾಗಾಗಿ ಅಂದು ಜನ ಒಲೆ ಕೂಡ ಹಚ್ಚದೆ ತೆಪ್ಪಗೆ ಕೂರುತ್ತಾರೆ. ಇನ್ನೂರ ಅರವತ್ತು ದಿನಕ್ಕೊಮ್ಮೆ ಬರುವ ಈ ದಿನ ಕಳೆದ ಸಲ ಬಂದಾಗ ಊರ ಮಠದ ಸ್ವಾಮಿಗಳು ಮಾತ್ರ ‘ಈ ದಿನದ ಆಧ್ಯಾತ್ಮಿಕ ಅರ್ಥ’ ಎಂದು ಅದೇ ದಿನ ಪ್ರವಚನ ಶುರು ಮಾಡಿಬಿಟ್ಟರು. ಈಗ ನಿದ್ದೆಯಲ್ಲೂ ಮಾತಾಡುತ್ತಾರೆ.

ಅಂದು ಮೈಕಿನ ಗುಂಡಿ ಒತ್ತಿದ ತಪ್ಪಿಗೆ ಮೈಕ್ ಸೆಟ್ಟಿನ ಫಕೀರಪ್ಪನೂ ಸಿಕ್ಕಿಬಿದ್ದ. ಎಷ್ಟು ಆರಿಸಿದರೂ ಮೈಕು ತಾನಾಗಿ ಹತ್ತಿಕೊಳ್ಳುತ್ತದೆ. ಈ ಆಧ್ಯಾತ್ಮಿಕ ಅರ್ಥವನ್ನು ಒಯ್ದು ಹಾಳುಬಾವಿಗೆ ಹಾಕಬೇಕೆಂದು ಅವನು ದಿನವೂ ಹಲ್ಲು ಕಡಿಯುತ್ತಾನೆ. ಇದ್ದ ಒಂದೇ ಸಮಾಧಾನವೆಂದರೆ, ಸ್ವಾಮಿಗಳ ಮಾತಿನ ಸಂದಿಯಲ್ಲಿ ಅವರ ಬಾಯಿಗೆ ಗಂಜಿ ಹಾಕಲು ಬರುವ ನೀಲವ್ವ.

ಇವತ್ತು ಮತ್ತೆ ಎಂಟು ಚುವೆನ್. ನೀಲವ್ವ ನಿನ್ನೆಯ ತಂಗಳು ಗಂಜಿ ತಂದಿದ್ದಳು.

"ನೀಲವ್ವ, ನಿನ್ನ ಜೋಡಿ ಸಂಸಾರ ಶುರು ಮಾಡಬೇಕಂತೀನಿ," ಎಂದ ಫಕೀರಪ್ಪ.

ಅವಳ ಕೈಯ ಚಮಚ ಅಲ್ಲೇ ನಿಂತಿತು. "ನಾಳಿ ಕೇಳಿದ್ರ ಬ್ಯಾಸರಾದಾಗ ಓಡಿ ಹೋಗಬಹುದಿತ್ತು. ಇವತ್ತ ಶುರುವಾದ್ರ ನಿನ್ನ ಸಿಟ್ಟೂ ನಿಲ್ಲಂಗಿಲ್ಲ, ನನ್ನ ಬಾಯೂ ನಿಲ್ಲಂಗಿಲ್ಲ. ತಲಿ ನೆಟ್ಟಗೈತೇನು?"

"ನಿಲ್ಲಬಾರದಂತನ ಇವತ್ತ ಕೇಳಾಕತ್ತೀನಿ."

ಮೈಕಿನಲ್ಲಿ ಇದೆಲ್ಲ ಊರಿಗೇ ಕೇಳುತ್ತಿತ್ತು. ಸ್ವಾಮಿಗಳು ಉಸಿರು ಬಿಡದೆ ಮುಂದುವರಿಸಿದರು: "ಆದ್ದರಿಂದ ಭಕ್ತರೇ, ಕಾಲವೆಂಬುದು ಕೋತಿ ನೂಲುವ ದಾರ, ಲಗೂನ ಹ್ಞೂಂ ಅನ್ನವ್ವಾ, ಗಂಜಿ ಹಳಸಾಕತ್ತೈತಿ, ಆ ದಾರಕ್ಕೆ ತುದಿಯೆಂಬುದಿಲ್ಲ ಭಕ್ತರೇ…"

"ಹ್ಞೂಂ," ಎಂದಳು ನೀಲವ್ವ.

ಇವತ್ತು ಯಾವ ದಿನವೆಂಬುದನ್ನೇ ಮರೆತು ಇಡೀ ಊರು ಚಪ್ಪಾಳೆ ತಟ್ಟಲು ಶುರು ಮಾಡಿತು. ಆ ಚಪ್ಪಾಳೆಯ ಸದ್ದಿನಲ್ಲಿ ಸ್ವಾಮಿಗಳ ಒಂದು ಮಾತೂ ಮತ್ತೆಂದೂ ಯಾರಿಗೂ ಕೇಳಿಸಲಿಲ್ಲ.