ವರ್ನಾಳ ಓರೆ ಕೇಕು

"ಅಡುಗೆಮನೆ ನೆಲ ಓರೆಯಾಗಿದೆ, ಬರ್ಕೊಳ್ಳಿ ಮೇಡಂ," ಎಂದ ಲೈಲ್. ಪಕ್ಕದಲ್ಲಿ ಕೇಕಿಗೆ ಕೆನೆ ಸವರುತ್ತಿದ್ದ ಹೆಂಡತಿ ವರ್ನಾಳ ಚಾಕು ಅಲ್ಲೇ ನಿಂತಿತು.

ಎದುರು ಕೂತಿದ್ದ ವಕೀಲೆ ಡೂಡೆಕ್ ಬರೆದುಕೊಂಡಳು. ಕೌಂಟಿ ಆಡಳಿತದವರು ತೆರಿಗೆಗಾಗಿ ಮನೆಗೆ ಕಟ್ಟಿದ ಬೆಲೆ ವಿಪರೀತವಾಯಿತು, ತೆರಿಗೆ ಇಳಿಸಿ ಎಂದು ಲೈಲ್ ಹಾಕಿದ್ದ ಅರ್ಜಿಯನ್ನು ತೆರಿಗೆ ಮಂಡಳಿ ತಳ್ಳಿಹಾಕಿತ್ತು. ಇನ್ನು ಉಳಿದದ್ದು ಕೋರ್ಟು. ಅಲ್ಲಿ ಗೆಲ್ಲಬೇಕಾದರೆ ತಮ್ಮ ಮನೆಯನ್ನು ತಾವೇ ಹಳಿಯಬೇಕು.

"ಮೆಟ್ಟಿಲು ಕಿರುಗುಟ್ಟುತ್ತೆ, ಕಿಟಕಿ ಮುಚ್ಚಲ್ಲ. ಒಲೆ ಇಟ್ಟಿರೋ ಕಡೆಯಂತೂ ಜಾರುಬಂಡೆ!" ಲೈಲ್ ಹುರುಪಿನಲ್ಲಿದ್ದ.

ಆ ನೆಲ ಹಾಕಿದವನು ಅವನೇ, ಮದುವೆಯಾದ ಹೊಸದರಲ್ಲಿ; ಅರ್ಜಿಯಲ್ಲೂ ಹಾಗೆಂದೇ ಬರೆದಿದ್ದ. ಅಂದಿನಿಂದ ಓರೆಯಾಗಿ ನಿಂತ ಒಲೆಯಲ್ಲಿ ಬೇಯುವ ವರ್ನಾಳ ಕೇಕು ಒಂದು ಕಡೆ ದಪ್ಪ, ಒಂದು ಕಡೆ ತೆಳು. ನೆಲ ಸರಿಯಿಲ್ಲ ಎಂದಾಗಲೆಲ್ಲ, "ನೆಲಕ್ಕೇನಾಗಿದೆ? ನಿಂಗೆ ಹಿಟ್ಟು ಕಲಸೋಕೆ ಬರಲ್ಲ," ಎನ್ನುತ್ತಿದ್ದ. ಚರ್ಚಿನ ತಿಂಡಿ ಮಾರಾಟದಲ್ಲಿ ಹೆಂಗಸರು ನಗುತ್ತಿದ್ದರು. ಬರುಬರುತ್ತಾ ತನ್ನ ಕೈಗುಣವೇ ಇಷ್ಟು ಎಂದು ಅವಳೂ ನಂಬಿದಳು. ತಗ್ಗಿಗೆ ಹೆಚ್ಚು ಕೆನೆ ಮೆತ್ತಿ ಮಟ್ಟ ಮಾಡುವುದನ್ನು ಕಲಿತಳು. ದಪ್ಪ ಬದಿ ಗಂಡನಿಗೆ, ತೆಳು ಬದಿ ತನಗೆ.

"ಇದನ್ನ ನೀವೇ ಜಡ್ಜ್ ಮುಂದೆ ಪ್ರಮಾಣ ಮಾಡಿ ಹೇಳ್ಬೇಕಾಗುತ್ತೆ, ಸರ್," ಎಂದಳು ಡೂಡೆಕ್. "ನೆಲ ಹಾಕಿದ್ದು ನಾನೇ, ಓರೆ ಮಾಡಿದ್ದೂ ನಾನೇ ಅಂತ."

ಲೈಲ್‌ನ ಹುರುಪು ಜರ್ರನೆ ಇಳಿಯಿತು. "ಊರವರೆಲ್ಲ ಇರ್ತಾರಾ?"

"ಯಾರು ಬೇಕಾದ್ರೂ ಬಂದು ಕೂರಬಹುದು."

"ಹಾಗಾದ್ರೆ ಬಿಡಿ. ತೆರಿಗೆ ಏನು ಮಹಾ, ಕಟ್ಟಿದ್ರಾಯ್ತು. ನಿಮ್ಮ ಫೀಸೇ ಅದಕ್ಕಿಂತ ಜಾಸ್ತಿ."

"ಫೀಸು ನಾನು ಕೊಡ್ತೀನಿ," ಎಂದಳು ವರ್ನಾ. "ಮನೆ ಇಬ್ಬರ ಹೆಸರಲ್ಲೂ ಇದೆ. ಕೋರ್ಟಿಗೆ ಹೋಗೋಣ."

"ತಲೆ ಕೆಟ್ಟಿದೆಯೇನೇ ನಿಂಗೆ? ಸೋತ್ರೆ?"

"ಸೋಲೋದು ಗೆಲ್ಲೋದು ಆಮೇಲೆ. ಮೊದ್ಲು ನೀನು ಪ್ರಮಾಣ ಮಾಡು. ಚರ್ಚಿನವರನ್ನೆಲ್ಲ ನಾನೇ ಕರ್ಕೊಂಡು ಬರ್ತೀನಿ."

ಡೂಡೆಕ್ ನಗು ತಡೆದುಕೊಂಡು ಕೇಳಿದಳು, "ನೆಲ ಓರೆ ಅನ್ನೋದಕ್ಕೆ ಸಾಕ್ಷಿ ಏನಾದ್ರೂ ಇದೆಯಾ?"

ವರ್ನಾ ಕೇಕನ್ನು ಮುಂದಕ್ಕೆಳೆದುಕೊಂಡಳು. ಕೇಕಿಗೆ ಮೆತ್ತಿದ್ದ ಕೆನೆಯನ್ನೆಲ್ಲ ಚಾಕುವಿನಿಂದ ಹೆರೆದು ತೆಗೆದಳು. ದಪ್ಪ ಬದಿಯ ತುಂಡೊಂದನ್ನು ವಕೀಲೆಗೆ ಕೊಟ್ಟಳು. ಇನ್ನೊಂದನ್ನು ತನ್ನ ತಟ್ಟೆಗೆ ಹಾಕಿಕೊಂಡಳು. ಬಿಸ್ಕತ್ತಿನಷ್ಟು ತೆಳ್ಳಗಿದ್ದ ತುದಿಯನ್ನು ಲೈಲ್‌ನ ಮುಂದೆ ಸರಿಸಿದಳು.