ಅಮ್ಮ ಮಾಡಿದ ರೆಕ್ಕೆ

ಅಂಟಿನ ವಾಸನೆ ಬಂದರೆ ಈಗಲೂ ವಾಮಂಜೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ಮಾಮ ದುಬೈಯಿಂದ ತಂದಿದ್ದ ರಿಮೋಟ್ ವಿಮಾನ ಹಾರುವ ಮೊದಲೇ ಬಿದ್ದು ರೆಕ್ಕೆ ಮುರಿದುಕೊಂಡಿತ್ತು. "ಇನ್ನು ಗುಜರಿಗೇ ಇದು" ಎಂದಿದ್ದರು ಮಾಮ. ಅಮ್ಮ ಮಾತ್ರ ಥರ್ಮೊಕೋಲ್ ಕೊಯ್ದು, ವಾರವಿಡೀ ಉಜ್ಜಿ ನುಣುಪು ಮಾಡಿ, ಹೊಸ ರೆಕ್ಕೆ ಅಂಟಿಸಿದರು.

ಕೊಯ್ಲು ಮುಗಿದ ಗದ್ದೆಯಲ್ಲಿ ಅವರು ವಿಮಾನವನ್ನು ಎರಡು ಬೆರಳ ಮೇಲೆ ನಿಲ್ಲಿಸಿ ನೋಡಿದರು.

"ಬಾಲ ಭಾರ ಉಂಟು. ಬ್ಯಾಟರಿ ಮುಂದೆ ತಳ್ಳು."

"ನಿನಗೆಂತ ಗೊತ್ತು ಅಕ್ಕ?" ಎಂದು ನಕ್ಕರೂ ಮಾಮ ತಳ್ಳಿದರು.

ನಾನು ಓಡಿ ಎಸೆದೆ. ವಿಮಾನ ಕೂಳೆಗೆ ತಾಗುವಷ್ಟು ಇಳಿದು, ಸಟ್ಟನೆ ಮೇಲೆದ್ದು, ತೆಂಗಿನ ತುದಿ ದಾಟಿತು. ನಾನು ಕಿರುಚಿದೆ. ಮಾಮ ರಿಮೋಟನ್ನು ಅಮ್ಮನ ಕೈಗಿಟ್ಟರು.

"ನೀನೇ ಹಾರಿಸು ಅಕ್ಕ."

ಬ್ಯಾಟರಿ ಮುಗಿಯುವವರೆಗೂ ಅಮ್ಮ ಅದನ್ನು ನಮಗ್ಯಾರಿಗೂ ಕೊಡಲಿಲ್ಲ.